ಗುಡ್ಡದ ಮೇಲೊಂದು ಮುಷ್ಟಿ

ಬಲಗೈ ಮುಂದಕ್ಕೆ ಚಾಚಿ. ಮೊಣಕೈ ಮಡಚಬೇಡಿ. ಮುಷ್ಟಿ ಕಟ್ಟಿ, ಒಂದು ಕಣ್ಣು ಮುಚ್ಚಿ, ಆ ಮುಷ್ಟಿಯನ್ನು ಪಡುವಣ ಗುಡ್ಡದ ಬುಡಕ್ಕೆ ಹಿಡಿಯಿರಿ. ಮುಷ್ಟಿಯ ಅಗಲ ಆಕಾಶದ ಅಳತೆಯಲ್ಲಿ ಸುಮಾರು 10 ಡಿಗ್ರಿ. ದೊಡ್ಡವರ ಕೈ ಉದ್ದ, ಮುಷ್ಟಿಯೂ ದಪ್ಪ. ಮಕ್ಕಳ ಕೈ ಗಿಡ್ಡ, ಮುಷ್ಟಿಯೂ ಪುಟ್ಟದು. ಹಾಗಾಗಿ ಲೆಕ್ಕ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಬರುತ್ತದೆ. ಬಾಲಚುಕ್ಕಿ ನೋಡುವವರಿಗೆ ಬೇಕಾದ ಮೊದಲ ಉಪಕರಣ ಇದೇ. ಬೈನಾಕ್ಯುಲರ್ ಮಾತು ಆಮೇಲೆ ಆಡೋಣ.

ಮೂಡಿಗೆರೆ ಸೀಮೆಯಲ್ಲಿ ವಿಜ್ಞಾನ ಪಾಠ ಹೇಳುತ್ತಾ ಬಂದ ನನಗೆ ಈ ಮುಷ್ಟಿಯ ಮಹತ್ವ ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಪುಸ್ತಕದಲ್ಲಿ ‘ಸೂರ್ಯಾಸ್ತದ ನಂತರ ಪಶ್ಚಿಮ ದಿಗಂತದಲ್ಲಿ ನೋಡಿ’ ಎಂದು ಬರೆದಿರುತ್ತಾರೆ. ನಮಗೆಲ್ಲಿದೆ ದಿಗಂತ? ಕಡೂರಿನವರಿಗೆ ಇದೆ, ಉಡುಪಿಯವರಿಗೆ ಇದೆ. ನಮ್ಮದು ಸಿಲ್ವರ್ ಓಕ್ ಮರದ ತುದಿಗೆ ಶುರುವಾಗಿ ಇನ್ನೊಂದು ಸಿಲ್ವರ್ ಓಕ್ ಮರದ ತುದಿಗೆ ಮುಗಿಯುವ ಆಕಾಶ. ಕಳಸದ ಕಡೆಯವರದಂತೂ ಬಟ್ಟಲಿನ ತಳದಲ್ಲಿ ಕೂತವರ ಪಾಡು. ಸುತ್ತ ಎತ್ತ ತಿರುಗಿದರೂ ಬೆಟ್ಟ.

ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅಂದರೆ ಒಂದು ಮುಷ್ಟಿ ಇಳಿಯಲು 40 ನಿಮಿಷ. ನಿಮ್ಮ ಪಡುವಣ ಗುಡ್ಡ ಒಂದು ಮುಷ್ಟಿ ಎತ್ತರಕ್ಕಿದ್ದರೆ, ಕ್ಯಾಲೆಂಡರಿನಲ್ಲಿ ಏನೇ ಬರೆದಿರಲಿ, ನಿಮ್ಮ ಅಂಗಳದಲ್ಲಿ ಹೊತ್ತು ಮುಳುಗುವುದು 40 ನಿಮಿಷ ಮೊದಲೇ. ಬಾಲಚುಕ್ಕಿಗಳ ದೊಡ್ಡ ತಕರಾರೇನೆಂದರೆ, ಅವು ಚೆಂದವಾಗಿ ಕಾಣುವ ದಿನಗಳಲ್ಲಿ ಹೆಚ್ಚಾಗಿ ಆ ಒಂದೆರಡು ಮುಷ್ಟಿಯೊಳಗೇ ಇರುತ್ತವೆ.

ಯಾಕೆ ಹಾಗೆ? ಅದನ್ನು ತಿಳಿಯಬೇಕಾದರೆ ಬಾಲಚುಕ್ಕಿ ಏನು ಎಂಬಲ್ಲಿಂದ ಶುರುಮಾಡಬೇಕು.

ನಮ್ಮೂರಿಗೆ ಮೀನು ಬರುವುದು ಚಾರ್ಮಾಡಿ ಘಾಟಿ ಹತ್ತಿ, ಮಂಜುಗಡ್ಡೆಯಲ್ಲಿ ಹೂತುಕೊಂಡು. ತರಗತಿಯಲ್ಲಿ ಈ ಪಾಠ ಬಂದಾಗ ಮೀನಂಗಡಿಯಿಂದ ಒಂದು ಚೀಲ ಪುಡಿ ಐಸ್ ತರಿಸುತ್ತಿದ್ದೆ. ಅದಕ್ಕೆ ಎರಡು ಹಿಡಿ ಮಣ್ಣು, ಒಂದು ಹಿಡಿ ಕಾಫಿಪುಡಿ ಬೆರೆಸಿ, ಗೋಣಿಬಟ್ಟೆಯಲ್ಲಿ ಸುತ್ತಿ ಹಿಂಡಿದರೆ ಕರ್ರಗಿನ, ಒರಟೊರಟಾದ ಒಂದು ಗಡ್ಡೆ ಆಗುತ್ತದೆ. ಮೀನಿನ ವಾಸನೆಯೂ ಸೇರಿರುತ್ತದೆ. ಅದು ಪೂರಾ ತಪ್ಪೂ ಅಲ್ಲ. ಐರೋಪ್ಯರ ರೊಸೆಟ್ಟಾ ನೌಕೆ 2014ರಲ್ಲಿ 67ಪಿ ಎಂಬ ಧೂಮಕೇತುವಿನ ಪಕ್ಕಕ್ಕೇ ಹೋಗಿ ಅದರ ಅನಿಲಗಳನ್ನು ಪರೀಕ್ಷಿಸಿದಾಗ ಸಿಕ್ಕ ಪಟ್ಟಿಯಲ್ಲಿ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಇತ್ತು, ಕೊಟ್ಟಿಗೆಯ ಗಂಜಲದ ಘಾಟಿನ ಅಮೋನಿಯಾ ಇತ್ತು.

ಈ ಗಡ್ಡೆಯೇ ಬಾಲಚುಕ್ಕಿಯ ಬೀಜ. ನೀರಿನ ಹಿಮ, ಕಾರ್ಬನ್ ಡೈ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡಿನಂಥ ಹೆಪ್ಪುಗಟ್ಟಿದ ಅನಿಲ, ಅದರ ತುಂಬ ದೂಳು. ಅಮೆರಿಕದ ಫ್ರೆಡ್ ವಿಪಲ್ 1950ರಲ್ಲಿ ಈ ಚಿತ್ರ ಕೊಟ್ಟಾಗ ಅದು ಊಹೆ. 1986ರ ಮಾರ್ಚಿನಲ್ಲಿ ಜೋತೊ ನೌಕೆ ಹ್ಯಾಲಿ ಧೂಮಕೇತುವಿನಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ ಹಾದುಹೋಗಿ ಫೋಟೊ ತೆಗೆದ ಮೇಲೆ ಅದು ಕಣ್ಣಾರೆ ಕಂಡ ಸಂಗತಿಯಾಯಿತು. ಹ್ಯಾಲಿಯ ಬೀಜದ ಉದ್ದ ಸುಮಾರು 15 ಕಿಲೋಮೀಟರ್; ಮೂಡಿಗೆರೆಯಿಂದ ಕೊಟ್ಟಿಗೆಹಾರ ಮುಟ್ಟುವಷ್ಟೂ ಇಲ್ಲ. ಮೇಲೆ ಬಿದ್ದ ಬೆಳಕಿನಲ್ಲಿ ಅದು ವಾಪಸ್ ಕೊಡುವುದು ನೂರಕ್ಕೆ ನಾಲ್ಕು ಪಾಲು ಮಾತ್ರ. ನಾನು ಕಾಫಿಪುಡಿ ಬೆರೆಸುವುದು ಅದಕ್ಕೇ. ಆಕಾಶದಲ್ಲಿ ಬೆಳ್ಳಗೆ ಹೊಳೆಯುವ ವಸ್ತುವಿನ ನಡುವೆ ಕೂತಿರುವುದು ಇದ್ದಿಲಿನಂಥ ಕಪ್ಪು ಮುದ್ದೆ.

ಇಂಥ ಮುದ್ದೆಗಳು ಸೌರವ್ಯೂಹದ ಹೊರ ಅಂಚಿನಲ್ಲಿ ಕೋಟ್ಯಂತರ ಇವೆ. ಅಲ್ಲಿ ಥಂಡಿ, ಏನೂ ಆಗುವುದಿಲ್ಲ. ಯಾವುದೋ ನಕ್ಷತ್ರದ ಸೆಳೆತಕ್ಕೆ ಒಂದು ಅಲುಗಿ ಒಳಮುಖವಾಗಿ ಬೀಳತೊಡಗಿದರೆ ಸೂರ್ಯನ ಹತ್ತಿರ ಬರಲು ಲಕ್ಷಾಂತರ ವರ್ಷ ಹಿಡಿಯುತ್ತದೆ. ಬಂದಾಗ ಹಿಮ ಕರಗುತ್ತದೆಯೇ? ಇಲ್ಲ. ನನ್ನ ಮೀನಂಗಡಿ ಐಸ್ ಮೇಜಿನ ಮೇಲೆ ನೀರಾಗಿ ಹರಿದು ಹಾಜರಿ ಪುಸ್ತಕ ಒದ್ದೆ ಮಾಡುತ್ತಿತ್ತು, ಸರಿ. ಆದರೆ ಗಾಳಿಯ ಒತ್ತಡವೇ ಇಲ್ಲದ ಕಡೆ ಹಿಮ ನೀರಾಗುವುದಿಲ್ಲ. ಡಬ್ಬಿಯಲ್ಲಿಟ್ಟು ಮರೆತ ಕರ್ಪೂರದ ಹಾಗೆ ನೇರವಾಗಿ ಆವಿಯಾಗುತ್ತದೆ. ಹೊರಟ ಆವಿ ದೂಳನ್ನೂ ಎಬ್ಬಿಸಿಕೊಂಡು ಬೀಜದ ಸುತ್ತ ಸಾವಿರಾರು ಕಿಲೋಮೀಟರ್ ಹರಡುತ್ತದೆ. ಇದಕ್ಕೆ ಕೋಮಾ ಎಂದು ಹೆಸರು. ಆ ಪದ ಬೋರ್ಡಿನ ಮೇಲೆ ಬರೆದಾಗಲೆಲ್ಲ ಹಿಂದಿನ ಬೆಂಚಿನಿಂದ ‘ಐಸಿಯೂನಲ್ಲಿ ಇದೆಯಾ ಸಾರ್?’ ಎಂಬ ಪ್ರಶ್ನೆ ಬರುವುದು ಖಾಯಂ. ಆಸ್ಪತ್ರೆಯ ಕೋಮಾ ಗ್ರೀಕ್ ಭಾಷೆಯ ಗಾಢನಿದ್ರೆ. ಇದು ಅದೇ ಭಾಷೆಯ ಕೂದಲು. ಗ್ರೀಕರಿಗೆ ಇದು ಕೂದಲು ಬಿಟ್ಟ ನಕ್ಷತ್ರ, ಸಂಸ್ಕೃತದವರಿಗೆ ಧೂಮಕೇತು ಅಂದರೆ ಹೊಗೆಯ ಬಾವುಟ, ನಮ್ಮ ಹಳ್ಳಿಯವರಿಗೆ ಬಾಲಚುಕ್ಕಿ. ಮೂರರಲ್ಲಿ ನನಗೆ ಇಷ್ಟ ಕೊನೆಯದು.

ಕೇತು ಎಂದರೆ ಬಾವುಟ ಎಂದೆನಲ್ಲ, ನವಗ್ರಹದ ಕೇತುವಿನ ಜೊತೆ ಇದನ್ನು ಗಂಟುಹಾಕಬೇಡಿ. ರಾಹು-ಕೇತು ಕಣ್ಣಿಗೆ ಕಾಣುವ ವಸ್ತುಗಳಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳು. ವರಾಹಮಿಹಿರ ಆರನೇ ಶತಮಾನದ ಬೃಹತ್ಸಂಹಿತೆಯಲ್ಲಿ ‘ಕೇತುಚಾರ’ ಎಂದು ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಅದು ಮಾತ್ರ ಈ ಕಾಣುವ ಕೇತುಗಳದ್ದು.

ಈಗ ಮುಷ್ಟಿಗೆ ಬರೋಣ. ಸೂರ್ಯನ ಕಾವು ತಾಗಿದಾಗಲೇ ಬಾಲಚುಕ್ಕಿ ಬಾಲ ಬಿಡುವುದು. ಕಾವು ತಾಗಬೇಕಾದರೆ ಸೂರ್ಯನ ಹತ್ತಿರ ಇರಬೇಕು. ಸೂರ್ಯನ ಹತ್ತಿರ ಇದ್ದ ವಸ್ತು ನಮಗೆ ಕಾಣುವುದು ಮುಸ್ಸಂಜೆ ಪಡುವಣದಲ್ಲಿ ಇಲ್ಲವೇ ನಸುಕಿನಲ್ಲಿ ಮೂಡಣದಲ್ಲಿ, ನೆಲಕ್ಕೆ ಅಂಟಿಕೊಂಡಂತೆ. ಹೊಳಪು ಹೆಚ್ಚಿದಷ್ಟೂ ಅದು ಕೆಳಗಿಳಿಯುತ್ತದೆ, ಮೇಲೇರಿದಷ್ಟೂ ಮಂಕಾಗುತ್ತದೆ. ಬೆಟ್ಟದವರಿಗೆ ಇದಕ್ಕಿಂತ ಅನ್ಯಾಯದ ಏರ್ಪಾಡು ಬೇರೆ ಇಲ್ಲ.

2024ರ ಅಕ್ಟೋಬರಿನ ಬಾಲಚುಕ್ಕಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಹೆಸರು ಬಾಯಿಗೆ ಹೊರಳುವುದಿಲ್ಲ: ತ್ಸುಚಿನ್‌ಷಾನ್–ಅಟ್ಲಾಸ್. ಮೊದಲ ಪದ ಚೀನಾದ ಒಂದು ವೀಕ್ಷಣಾಲಯದ ಹೆಸರು, ಅರ್ಥ ನೇರಳೆ ಬೆಟ್ಟ. ಎರಡನೆಯದು ಭೂಮಿಗೆ ಅಪ್ಪಳಿಸಬಹುದಾದ ಕ್ಷುದ್ರಗ್ರಹಗಳನ್ನು ಕಾಯುವ ದೂರದರ್ಶಕಗಳ ಜಾಲ. ರಿಜಿಸ್ಟರಿನಲ್ಲಿ ಇದು ಸಿ/2023 ಎ3: 2023ರ ಜನವರಿಯ ಮೊದಲ ಹದಿನೈದು ದಿನದಲ್ಲಿ ದಾಖಲಾದ ಮೂರನೆಯದು. ಮೇಸ್ತ್ರಿಯ ಹಾಜರಿ ಪುಸ್ತಕದಷ್ಟೇ ಸರಳ.

ಇದರ ಬಗ್ಗೆ 2024ರ ಜುಲೈಯಲ್ಲಿ ಒಂದು ಕೆಟ್ಟ ಸುದ್ದಿ ಬಂತು. ಜೀವಮಾನವಿಡೀ ಧೂಮಕೇತುಗಳನ್ನೇ ಅಭ್ಯಾಸ ಮಾಡಿದ ಝ್ಡೆನೆಕ್ ಸೆಕನಿನಾ ಅವರು, ಇದು ಒಡೆಯತೊಡಗಿದೆ, ಸೂರ್ಯನನ್ನು ಸುತ್ತುವ ಮೊದಲೇ ಪುಡಿಯಾಗುತ್ತದೆ ಎಂದು ಬರೆದರು. ಆಗಲಿಲ್ಲ. ಸೆಪ್ಟೆಂಬರ್ 27ರಂದು ಸೂರ್ಯನಿಂದ ಸುಮಾರು 5 ಕೋಟಿ 86 ಲಕ್ಷ ಕಿಲೋಮೀಟರ್ ದೂರದಲ್ಲಿ ಸುತ್ತುಹಾಕಿ ಈಚೆ ಬಂತು. ಅದರ ಬೆನ್ನಿಗೇ ಅಕ್ಟೋಬರ್ 28ಕ್ಕೆ ಸೂರ್ಯನಿಗೆ ತೀರಾ ಸನಿಹ ಹೋದ ಇನ್ನೊಂದು, ಸಿ/2024 ಎಸ್1, ಹೇಳಹೆಸರಿಲ್ಲದಂತೆ ಪುಡಿಯಾಯಿತು. ಬಾಲಚುಕ್ಕಿಯ ಭವಿಷ್ಯ ಹೇಳುವುದು ಏಪ್ರಿಲಿನ ಕಾಫಿ ಹೂವು ನೋಡಿ ಡಿಸೆಂಬರಿನ ಫಸಲಿಗೆ ಅಡ್ವಾನ್ಸ್ ತೆಗೆದುಕೊಂಡ ಹಾಗೆ. ಹೂವಿನ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟರೆ ಮುಗಿಯಿತು.

ಸೂರ್ಯನನ್ನು ಸುತ್ತುವಾಗ ತ್ಸುಚಿನ್‌ಷಾನಿನ ವೇಗ ಸೆಕೆಂಡಿಗೆ ಸುಮಾರು 67 ಕಿಲೋಮೀಟರ್. ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಚಿಕ್ಕಮಗಳೂರಿಗೆ ಹೋಗಿ ವಾಪಸ್ ಬರಲು ಒಂದು ಸೆಕೆಂಡು ಸಾಕು. ಅಂಥ ವೇಗದ್ದು ‘ಶೂ’ ಅಂತ ಹಾರಿಹೋಗುತ್ತದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಹಾರಿಹೋಗುವುದು ಉಲ್ಕೆ, ನಮ್ಮ ತಲೆಯ ಮೇಲೆ ನೂರು ಕಿಲೋಮೀಟರಿನಷ್ಟು ಎತ್ತರದಲ್ಲಿ ಉರಿದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕಣ. ಬಾಲಚುಕ್ಕಿ ಕೋಟಿಗಟ್ಟಲೆ ಕಿಲೋಮೀಟರ್ ಆಚೆಯದು. ಇದು ಭೂಮಿಗೆ ಅತಿ ಹತ್ತಿರ ಬಂದ ಅಕ್ಟೋಬರ್ 12ರಂದೂ, ಅಂದರೆ ಆ ವರ್ಷದ ವಿಜಯದಶಮಿಯಂದೂ, ಸುಮಾರು 7 ಕೋಟಿ ಕಿಲೋಮೀಟರ್ ದೂರವಿತ್ತು. ಚಂದ್ರನಿಗಿಂತ 180 ಪಟ್ಟು ಆಚೆ. ಅಷ್ಟು ದೂರದಿಂದ ಅದರ ಓಟ ಕಾಣುವುದಿಲ್ಲ. ಇವತ್ತು ನೋಡಿ, ನಾಳೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತು ನೋಡಿದರೆ ‘ಓ, ಅರ್ಧ ಮುಷ್ಟಿ ಸರಿದಿದೆ’ ಎಂದು ಗೊತ್ತಾಗುತ್ತದೆ. ತೇಜಸ್ವಿಯವರು ಇದೇ ಮೂಡಿಗೆರೆಯ ತೋಟದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗೆ ಕಾದಂತೆ ಇದಕ್ಕೂ ಕಾಯಬೇಕು. ಒಂದು ಅನುಕೂಲ: ಕೆಮ್ಮಿದರೆ ಇದು ಹಾರಿಹೋಗುವುದಿಲ್ಲ.

ಇನ್ನು ಬಾಲ. ಇದರಲ್ಲಿ ಎಲ್ಲರೂ ಎಡವುತ್ತಾರೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ದೀಪಾವಳಿಯಲ್ಲಿ ಕೈಯಲ್ಲಿ ದೊಂದಿ ಹಿಡಿದು ಓಡಿದರೆ ಉರಿ ಹಿಂದಕ್ಕೆ ಬಾಗುತ್ತದೆ. ಬಾಲಚುಕ್ಕಿಯ ಬಾಲವೂ ಹಾಗೇ ಓಡುವ ರಭಸಕ್ಕೆ ಹಿಂದೆ ಬೀಳುತ್ತದೆ ಎಂದು ನಮಗೆ ತೋರುತ್ತದೆ. ತಪ್ಪು. ಸರಿಯಾದ ಚಿತ್ರ ಬೇಕಾದರೆ ಕಣಕ್ಕೆ ಬನ್ನಿ. ಕಾಳುಮೆಣಸು ತೂರುವುದನ್ನು ನೋಡಿದ್ದೀರಲ್ಲ? ಹೆಂಗಸೊಬ್ಬಳು ಮೊರವನ್ನು ತಲೆಯ ಮೇಲಕ್ಕೆ ಎತ್ತಿ ಸುರಿಯುತ್ತಾಳೆ. ಗಟ್ಟಿ ಕಾಳು ಕಾಲ ಬುಡಕ್ಕೇ ಬೀಳುತ್ತದೆ. ಜೊಳ್ಳು ಸ್ವಲ್ಪ ದೂರ ಹೋಗಿ ಓರೆಯಾಗಿ ರಾಶಿಯಾಗುತ್ತದೆ. ತೀರಾ ಹಗುರದ ದೂಳು ಗಾಳಿ ಬೀಸಿದ ದಿಕ್ಕಿಗೆ ನೇರವಾಗಿ ಹೊರಟು ಹೋಗುತ್ತದೆ. ಅವಳು ಗಾಳಿಗೆ ಎದುರಾಗಿ ನಡೆಯಲಿ, ಅಡ್ಡ ನಡೆಯಲಿ, ಗಾಳಿಯ ಜೊತೆಗೇ ನಡೆಯಲಿ, ದೂಳು ಹೋಗುವ ದಿಕ್ಕು ಬದಲಾಗುವುದಿಲ್ಲ. ದಿಕ್ಕು ಗಾಳಿಯದು, ನಡೆಯುವವಳದ್ದಲ್ಲ.

ಇಲ್ಲಿ ಗಾಳಿ ಬೀಸುವವನು ಸೂರ್ಯ. ಅವನಿಂದ ವಿದ್ಯುತ್ ಕಣಗಳ ಪ್ರವಾಹವೊಂದು ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಎಡೆಬಿಡದೆ ಹೊರಡುತ್ತಿರುತ್ತದೆ. ಅದು ಬಾಲಚುಕ್ಕಿಯ ಅನಿಲವನ್ನು ಕಡ್ಡಿಯಂತೆ ನೇರ ತಳ್ಳುತ್ತದೆ: ಅದು ಒಂದು ಬಾಲ, ನೀಲಿ ಛಾಯೆಯದು. ದೂಳಿನ ಕಣ ತೂಕದ್ದು. ಅದನ್ನು ದೂಡುವುದು ಬೆಳಕಿನ ಒತ್ತಡ, ಅದೂ ಮೆಲ್ಲಗೆ. ಹಾಗಾಗಿ ದೂಳು ಜೊಳ್ಳಿನ ಹಾಗೆ ಓರೆಯಾಗಿ ಬಾಗುತ್ತದೆ: ಅದು ಎರಡನೇ ಬಾಲ, ಅಗಲವಾದದ್ದು, ಹಳದಿ ಮಿಶ್ರಿತ ಬಿಳಿ. ಕಣ್ಣಿಗೆ ಬೀಳುವುದು ಹೆಚ್ಚಾಗಿ ಇದೇ. 1997ರ ಏಪ್ರಿಲಿನ ಹೇಲ್–ಬಾಪ್‌ನಲ್ಲಿ ಎರಡೂ ಬೇರೆಬೇರೆಯಾಗಿ ಕಾಣುತ್ತಿದ್ದವು. ಹೂಮಳೆ ಬಿದ್ದು ಆಕಾಶ ತೊಳೆದಂತಿದ್ದ ಸಂಜೆಗಳು. ಕರೆಂಟ್ ಹೋಗಿದ್ದಕ್ಕೆ ಯಾರನ್ನೂ ಬೈಯದ ಕಾಲ ನನ್ನ ನೆನಪಿನಲ್ಲಿ ಅದೊಂದೇ.

ಈ ಗಾಳಿಯ ಲೆಕ್ಕದಿಂದ ಒಂದು ತಮಾಷೆ ಹುಟ್ಟುತ್ತದೆ. ಸೂರ್ಯನ ಕಡೆ ಬರುವಾಗ ಬಾಲ ಹಿಂದೆ, ಸರಿ. ಸೂರ್ಯನನ್ನು ಸುತ್ತಿ ವಾಪಸ್ ಹೋಗುವಾಗ? ಬಾಲ ಮುಂದೆ, ತಲೆ ಹಿಂದೆ. ಕಳಸೇಶ್ವರನ ಗುಡಿಯಲ್ಲಿ ಹಿರಿಯರು ದೇವರಿಗೆ ಬೆನ್ನು ತೋರಿಸಬಾರದೆಂದು ಹಿಮ್ಮುಖವಾಗಿಯೇ ಹೆಜ್ಜೆಯಿಡುತ್ತಾ ಹೊರಬರುವುದಿಲ್ಲವೇ, ಹಾಗೆ. ಇದರಿಂದ ನಿಮಗೆ ಒಂದು ಉಪಯೋಗವೂ ಇದೆ. ಸಂಜೆ ಬಾಲ ಮೇಲ್ಮುಖವಾಗಿ ನಿಂತಿದ್ದರೆ ಸೂರ್ಯ ಅದರ ಕೆಳಗೆ ಇದ್ದಾನೆ ಎಂದರ್ಥ; ಬಾಲ ಹಿಡಿದು ಕೆಳಗಿಳಿದರೆ ತಲೆ ಸಿಗುತ್ತದೆ. ನಾವಿರುವ 13 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಕತ್ತಲೂ ಬೇಗ ಕವಿಯುತ್ತದೆ. ದಿಗಂತದ ವಿಷಯದಲ್ಲಿ ಆದ ಅನ್ಯಾಯಕ್ಕೆ ಇದು ಚೂರು ಪರಿಹಾರ.

ಅಕ್ಟೋಬರ್ ಮಧ್ಯದಲ್ಲಿ ತ್ಸುಚಿನ್‌ಷಾನಿಗೆ ಸೂರ್ಯನ ಕಡೆಗೂ ಒಂದು ಸಣ್ಣ ಮುಳ್ಳು ಮೂಡಿತ್ತು. ಮೇಲೆ ಹೇಳಿದ್ದೆಲ್ಲ ಸುಳ್ಳಾಯಿತು ಎನ್ನಬೇಡಿ. ಹಿಂದೆ ಉದುರಿಸಿ ಬಂದಿದ್ದ ದೂಳಿನ ಹಾಳೆಯನ್ನು ಭೂಮಿ ಅಂಚಿನಿಂದ ನೋಡಿತು, ಅಷ್ಟೇ.

ಎಲ್ಲಿ ನಿಂತು ನೋಡುವುದು? ಸಂಜೆಯದಾದರೆ ಘಟ್ಟದ ತುದಿ. ಕೊಟ್ಟಿಗೆಹಾರ, ದೇವರಮನೆ, ಬಲ್ಲಾಳರಾಯನ ದುರ್ಗದ ಕಡೆ ನೆಲ ಪಡುವಣಕ್ಕೆ ಧುತ್ತೆಂದು ಕುಸಿದು ಕರಾವಳಿಗೆ ಇಳಿಯುತ್ತದೆ. ಅಲ್ಲಿ ಮುಷ್ಟಿಗೆ ಅಡ್ಡ ಬರುವುದು ಮಂಜು ಮಾತ್ರ. ನಸುಕಿನದಾದರೆ ಚಿಕ್ಕಮಗಳೂರಿನ ಮೂಡಣ ಮಗ್ಗುಲು ಒಳ್ಳೆಯದು, ಬಯಲುಸೀಮೆ ಅಲ್ಲಿಂದ ತೆರೆದುಕೊಳ್ಳುತ್ತದೆ. ಮುಳ್ಳಯ್ಯನಗಿರಿಯ ಆಸೆ ಎಲ್ಲರಿಗೂ ಇರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿ ನಿರ್ಬಂಧಗಳಿರುತ್ತವೆ, ಮೊದಲು ಕೇಳಿಕೊಂಡು ಹೋಗಿ. ಮೂಡಿಗೆರೆ ಸುತ್ತಿನವರಿಗೆ ಇನ್ನೊಂದು ಮಾತು: ಕಾಡಾನೆ ಓಡಾಟ ಇದ್ದರೆ ಬಾಲಚುಕ್ಕಿಯ ಗೊಡವೆ ಬಿಟ್ಟು ತಾರಸಿಯ ಮೇಲಿಂದಲೇ ನೋಡಿ. ಬಾಲಚುಕ್ಕಿ ಇನ್ನೊಂದು ಬರುತ್ತದೆ.

ಸೂರ್ಯ ಪೂರ್ತಿ ಮರೆಯಾಗುವವರೆಗೆ ಬೈನಾಕ್ಯುಲರ್ ಕಣ್ಣಿಗೆ ಹಿಡಿಯಬೇಡಿ. ನಸುಕಿನಲ್ಲಿ ನೋಡುವವರು ಸೂರ್ಯ ಹುಟ್ಟುವ ಮೊದಲೇ ಕೆಳಗಿಡಿ. ಇದರಲ್ಲಿ ಮಾತ್ರ ನಾನು ಸಲುಗೆ ಕೊಡುವುದಿಲ್ಲ. 7×50 ಅಥವಾ 10×50 ಎಂದು ಬರೆದ ಸಾಧಾರಣ ಬೈನಾಕ್ಯುಲರ್ ಸಾಕು. ಕತ್ತಲಿಗೆ ಕಣ್ಣು ಹೊಂದಲು 20 ನಿಮಿಷ ಬೇಕು; ಆ ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ. ಒಂದು ವರ್ಷ ನಾನು ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಹತ್ತಿದಾಗ ಎದುರಿನ ಹೋಂಸ್ಟೇಯೊಂದು ಮದುವೆಮನೆಯಂತೆ ಫ್ಲಡ್‌ಲೈಟ್ ಹಾಕಿಕೊಂಡು ಕೂತಿತ್ತು. ಆ ರಾತ್ರಿ ನಾವು ನೋಡಿದ್ದು ಅವರ ಈಜುಕೊಳ. ಮೊಬೈಲಿನಲ್ಲಿ ಫೋಟೊ ಬೇಕಿದ್ದರೆ ನೈಟ್ ಮೋಡ್ ಹಾಕಿ, ಕಲ್ಲಿಗೆ ಒರಗಿಸಿ, ಮೂರರಿಂದ ಹತ್ತು ಸೆಕೆಂಡ್ ಮುಟ್ಟದೆ ಬಿಡಿ. ಕಣ್ಣಿಗೆ ಕಾಣದ ಬಾಲವೂ ಎಷ್ಟೋ ಸಲ ಅದರಲ್ಲಿ ಮೂಡುತ್ತದೆ.

ಉಳಿದದ್ದು ಮಳೆ. 2020ರ ಜುಲೈಯಲ್ಲಿ ನಿಯೋವೈಸ್ ಎಂಬ ಸೊಗಸಾದ ಬಾಲಚುಕ್ಕಿಯನ್ನು ಉತ್ತರ ಗೋಳಾರ್ಧದವರು ಬರಿಗಣ್ಣಿಗೆ ಕಂಡರು. ಮಲೆನಾಡಿನ ಮಟ್ಟಿಗೆ ಅದು ಬರಲೇ ಇಲ್ಲ. ಆಷಾಢದಲ್ಲಿ ನಮಗೆ ಪಕ್ಕದ ಮನೆಯೇ ಕಾಣುವುದಿಲ್ಲ. 2025ರಲ್ಲಿ ಲೆಮ್ಮನ್ ಬಂತು, ಅದಕ್ಕೂ ಅರಿಜೋನಾದ ಒಂದು ಬೆಟ್ಟದ ಹೆಸರೇ. ಭೂಮಿಗೆ ಅತಿ ಹತ್ತಿರವಾದದ್ದು ಅಕ್ಟೋಬರ್ 21ಕ್ಕೆ, ದೀಪಾವಳಿ ಅಮಾವಾಸ್ಯೆಯ ದಿನ. ಚಂದ್ರನ ಕಾಟವಿಲ್ಲದ ರಾತ್ರಿ. ಆದರೆ ಪಟಾಕಿಯ ಹೊಗೆ, ಅದರ ಮೇಲೆ ಮೋಡ. ಬೈನಾಕ್ಯುಲರಿನಲ್ಲಿ ಹಸಿರು ಛಾಯೆಯ ಒಂದು ಮಸುಕು ಚುಕ್ಕೆ ಕಂಡವರು ಪುಣ್ಯವಂತರು. ಆ ಹಸಿರು ಎರಡು ಇಂಗಾಲದ ಪರಮಾಣು ಜೋಡಿಯಾದ ಅನಿಲ ಬಿಸಿಲಿಗೆ ಮಿನುಗುವುದರಿಂದ ಬರುವಂಥದ್ದು.

ಯಾವ ಬಾಲಚುಕ್ಕಿಯೂ ಇಲ್ಲದ ವರ್ಷ ಬೇಜಾರಾದರೆ ಅಕ್ಟೋಬರ್ 21ರ ಆಸುಪಾಸಿನ ನಸುಕಿನಲ್ಲಿ ಎದ್ದು ಮಹಾವ್ಯಾಧ ನಕ್ಷತ್ರಪುಂಜದ ಕಡೆ ನೋಡುತ್ತಾ ಕೂರಿ. ಆಗೊಂದು ಈಗೊಂದು ಉಲ್ಕೆ ಬೀಳುತ್ತದೆ, ಅವು ಹ್ಯಾಲಿಯ ಚೂರುಗಳು. ಹ್ಯಾಲಿ 1986ರಲ್ಲಿ ಬಂದು ಹೋಯಿತು, ಮತ್ತೆ ಸೂರ್ಯನ ಹತ್ತಿರ ಬರುವುದು 2061ರ ಜುಲೈಗೆ, ಅದೂ ನಮ್ಮ ಮಳೆಗಾಲದಲ್ಲಿ! ಆದರೆ ಅದು ದಾರಿಯುದ್ದಕ್ಕೂ ಚೆಲ್ಲಿದ ದೂಳನ್ನು ಭೂಮಿ ಪ್ರತಿ ವರ್ಷ ಎರಡು ಸಲ, ಮೇ ಮೊದಲ ವಾರ ಮತ್ತು ಅಕ್ಟೋಬರಿನಲ್ಲಿ, ಹಾದುಹೋಗುತ್ತದೆ. 1910ರಲ್ಲಿ ಇದೇ ಹ್ಯಾಲಿಯ ಬಾಲದಲ್ಲಿ ವಿಷಾನಿಲ ಇದೆ, ಭೂಮಿ ಅದರೊಳಗೆ ಹೋದರೆ ಎಲ್ಲರೂ ಸಾಯುತ್ತೇವೆ ಎಂದು ಹೊರದೇಶಗಳಲ್ಲಿ ಜನ ಗುಳಿಗೆ ಕೊಂಡು ನುಂಗಿದ್ದರು. ಆ ಹೊತ್ತಿಗೆ ಕೊಡೈಕನಾಲಿನ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಖಗೋಳಜ್ಞ ಜಾನ್ ಎವರ್‌ಶೆಡ್ ತಣ್ಣಗೆ ಕೂತು ಅದರ ಫೋಟೊ ತೆಗೆಯುತ್ತಿದ್ದರು. ಆ ವೀಕ್ಷಣಾಲಯದ ಪರಂಪರೆಯೇ ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಾಯಿತು. ಅದನ್ನು ಕಟ್ಟಿದ ವೇಣು ಬಾಪು ಅವರ ಹೆಸರಿನಲ್ಲೇ ಒಂದು ಧೂಮಕೇತು ಇದೆ. 1949ರಲ್ಲಿ ಹಾರ್ವರ್ಡಿನಲ್ಲಿ ಓದುತ್ತಿದ್ದಾಗ ಫೋಟೊ ತಟ್ಟೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು, ಬಾಪು–ಬೊಕ್–ನ್ಯೂಕರ್ಕ್.

2024ರ ದಸರಾ ರಜೆಯಲ್ಲಿ ಕಳಸದ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ‘ಸಾರ್, ಶುಕ್ರನಿಗೂ ಸ್ವಾತಿ ನಕ್ಷತ್ರಕ್ಕೂ ನಡುವೆ ನೋಡು ಅಂದ್ರಿ. ನಮ್ಮನೆಯಿಂದ ಶುಕ್ರನೇ ಕಾಣಲ್ಲ, ಗುಡ್ಡ.’ ಹಾಗಾದರೆ ಗುಡ್ಡ ಎಷ್ಟಿದೆ ಅಳೆ ಎಂದೆ. ಮುಷ್ಟಿ ಹಿಡಿದಳು, ಒಂದಕ್ಕೆ ಸ್ವಲ್ಪ ಕಮ್ಮಿ. ನಂಬಿಕೆ ಬರಲಿಲ್ಲವೋ ಏನೋ, ಮಾರನೇ ದಿನ ಗಡಿಯಾರ ಹಿಡಿದು ಕೂತಳು. ಅವಳ ಅಂಗಳದಲ್ಲಿ ಸೂರ್ಯ ಮರೆಯಾದದ್ದು 5:34ಕ್ಕೆ; ಕ್ಯಾಲೆಂಡರಿನ ಪ್ರಕಾರ 6:10. ಮೂವತ್ತಾರು ನಿಮಿಷ, ನಾಲ್ಕು ನಿಮಿಷಕ್ಕೊಂದು ಡಿಗ್ರಿ, ಒಂಬತ್ತು ಡಿಗ್ರಿ. ಬಾಲಚುಕ್ಕಿ ದಿನಕ್ಕೆ ನಾಲ್ಕೈದು ಡಿಗ್ರಿ ಮೇಲೇರುತ್ತಿದೆ, ಎರಡು ಮೂರು ದಿನ ತಡಿ, ಗುಡ್ಡ ದಾಟಿ ಅದೇ ಬರುತ್ತದೆ ಎಂದು ಹೇಳಿದೆ. 17ಕ್ಕೆ ಭೂಮಿ ಹುಣ್ಣಿಮೆ, ಅಷ್ಟರೊಳಗೆ ನೋಡಿಕೋ ಎಂದೂ ಹೇಳಿದೆ.

ರಜೆ ಮುಗಿಸಿ ಬಂದವಳು ನೋಟ್‌ಬುಕ್ ತೋರಿಸಿದಳು. 13: ಮೋಡ. 14: ಮೋಡ, ಮಳೆ. 15ರ ಮುಂದೆ ಗುಡ್ಡದ ಗೆರೆ ಎಳೆದು, ಮೇಲೊಂದು ಅಡಿಕೆ ಮರ ಬರೆದು, ಮರದ ಎಡಕ್ಕೆ ಪೆನ್ಸಿಲಿನಲ್ಲಿ ಮೇಲ್ಮುಖವಾಗಿ ಒಂದು ಗೀಟು. ಪಕ್ಕದಲ್ಲಿ ‘7:05, ಎರಡು ಬೆರಳು ಉದ್ದ, ಅಮ್ಮನಿಗೂ ಕಂಡಿತು’ ಎಂದಿತ್ತು. 16: ಮೋಡ.